ನಲವತ್ತೊಂದು ನಿಮಿಷ

ಮಾರ್ಚ್ 3, ಸೋಮವಾರ

ಇವತ್ತು ಪ್ರಯೋಗಾಲಯದ ಪುಸ್ತಕದಲ್ಲಿ ಸುಳ್ಳು ಬರೆದೆ. ನಿಜವನ್ನು ಬರೆದಿಡಲು ಎಲ್ಲಾದರೂ ಒಂದು ಜಾಗ ಬೇಕಲ್ಲ, ಅದಕ್ಕೆ ಈ ನೋಟ್‌ಬುಕ್.

ನಮ್ಮ ಕಾರ್ಖಾನೆಯಲ್ಲಿ ಗಿಡಮೂಲಿಕೆಯ ಪುಡಿ ತುಂಬಿದ ಕ್ಯಾಪ್ಸೂಲ್‌ಗಳು ತಯಾರಾಗುತ್ತವೆ. ಅವು ಎಷ್ಟು ಹೊತ್ತಿಗೆ ಕರಗುತ್ತವೆಂದು ನೋಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ. ತಳದಲ್ಲಿ ಜಾಲರಿ ಇರುವ ಆರು ಗಾಜಿನ ಕೊಳವೆಗಳಿಗೆ ಒಂದೊಂದು ಕ್ಯಾಪ್ಸೂಲ್ ಹಾಕಿ, ಮೈಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಯಂತ್ರ ಅವನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೂವತ್ತು ನಿಮಿಷದೊಳಗೆ ಆರೂ ಕರಗಿ ಜಾಲರಿ ಖಾಲಿಯಾಗಬೇಕು. ಸಾಮಾನ್ಯವಾಗಿ ಎಂಟರಲ್ಲೇ ಮುಗಿಯುತ್ತದೆ.

ಇವತ್ತಿನ ಕೀಲುನೋವಿನ ಬ್ಯಾಚು ನಲವತ್ತೊಂದು ನಿಮಿಷ ತೆಗೆದುಕೊಂಡಿತು. ಮತ್ತೆ ಹನ್ನೆರಡು ಕ್ಯಾಪ್ಸೂಲ್ ಹಾಕಿದೆ, ಅದೇ ಹಣೆಬರಹ. ಪುಡಿಯ ಸುತ್ತ ಹಾಲಿನ ಕೆನೆಯಂಥ ಪೊರೆಯೊಂದು ಬಿಡಲೊಲ್ಲೆ ಎಂದು ಹಿಡಿದುಕೊಂಡಿತ್ತು. ಉಗ್ರಾಣದ ಕೂಲರ್ ಕೆಟ್ಟು, ಪುಡಿ ತುಂಬುವ ಖಾಲಿ ಕೋಶಗಳೆಲ್ಲ ತಗಡಿನ ಸೂರಿನಡಿ ಮೂರು ವಾರ ಬೆಂದಿದ್ದವು.

ನಮ್ಮ ಮ್ಯಾನೇಜರಿಗೆ ನಾವೆಲ್ಲ ಇಟ್ಟ ಹೆಸರು ‘ಆಗ್ಲಿಬಿಡಿ’. ಏನು ಹೇಳಿದರೂ ಅವರ ಮೊದಲ ಉತ್ತರ ಅದೇ.

“ಆಗ್ಲಿ ಬಿಡಿ ಮೇಡಂ. ಲಾರಿ ನಿಂತಿದೆ. ಗಿಡಮೂಲಿಕೆ ತಾನೇ, ವಿಷ ಅಲ್ವಲ್ಲ. ಹೊಟ್ಟೆಯೊಳಗೇನು ಗಡಿಯಾರ ಇರುತ್ತಾ?”

ನಗು ಬಂತು. ನಗುತ್ತಲೇ ಇಪ್ಪತ್ತೇಳು ಎಂದು ಬರೆದು ಸಹಿ ಹಾಕಿದೆ. ಅವರು ಬೈದಿದ್ದರೆ ಬಹುಶಃ ಬರೆಯುತ್ತಿರಲಿಲ್ಲ.

ಮಾರ್ಚ್ 9, ಭಾನುವಾರ

ಬೆಳಗಿನ ತಿಂಡಿಯ ಹೊತ್ತಿಗೆ ಅಕ್ಕ ಕೆಮ್ಮಲು ಶುರುಮಾಡಿದಳು. ಕಣ್ಣಲ್ಲಿ ನೀರು ಬಂದು, ಮುಖ ಕೆಂಪಾಗಿ, ಮೇಜಿನ ಅಂಚು ಹಿಡಿದು ಎದ್ದು ನಿಂತಳು. ಬೆನ್ನು ತಟ್ಟಿದೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಎದೆಯ ಮಧ್ಯೆ ಬೆರಳಿಟ್ಟು ತೋರಿಸಿದಳು.

“ನಿನ್ನ ಮಾತ್ರೆ ಇಲ್ಲೇ ಠಿಕಾಣಿ ಹೂಡಿದೆ ಕಣೇ ಪುಟ್ಟಿ.”

ಐವತ್ತೆರಡು ತುಂಬಿದರೂ ಅವಳಿಗೆ ನಾನು ಪುಟ್ಟಿಯೇ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಬಾವ ಹೋದ ಮೇಲೆ ನನ್ನ ಜೊತೆ ಈ ಮೂರನೇ ಮಹಡಿಯ ಎರಡು ಕೋಣೆಯಲ್ಲಿದ್ದಾಳೆ. ಮಂಡಿನೋವಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಕ್ಯಾಪ್ಸೂಲ್ ಅವಳಿಗೆ ಕೊಡುವವಳು ನಾನೇ. ಕಾರ್ಖಾನೆಯವರು ನಮಗೆಲ್ಲ ಪುಕ್ಕಟೆ ಡಬ್ಬಿ ಕೊಡುತ್ತಾರೆ.

ಶುಕ್ರವಾರ ತಂದ ಡಬ್ಬಿ ತಿರುಗಿಸಿ ನೋಡಿದೆ. ಸೋಮವಾರದ ಬ್ಯಾಚು.

ಮಾರ್ಚ್ 13, ಗುರುವಾರ

ರಜೆ ಹಾಕಿ ಅಡುಗೆಮನೆಯಲ್ಲೇ ಪರೀಕ್ಷೆಗೆ ಕೂತೆ. ಆರು ಲೋಟ, ಒಂದು ಥರ್ಮಾಮೀಟರ್, ಟೈಮರ್. ಹೋಲಿಕೆಗೆಂದು ಹಳೆಯ ಒಳ್ಳೆಯ ಬ್ಯಾಚಿನವೂ ಪಕ್ಕದಲ್ಲಿ. ಹೋಲಿಕೆ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಎಲ್ಲರಿಗೂ ಹೇಳಿಕೊಡುವವಳು ನಾನು.

ಸೋಮವಾರದ ಬ್ಯಾಚಿನದು ತಣ್ಣೀರಿನಲ್ಲಿ ಒಂದು ಗಂಟೆಯಾದರೂ ನೆನೆದ ಕಾಳಿನ ಹಾಗೆ ಉಬ್ಬಿ ತಳದಲ್ಲಿ ಕೂತಿತ್ತು. ಉಗುರು ಬೆಚ್ಚಗಿನ ನೀರಿನಲ್ಲಿ ನಲವತ್ತು ದಾಟಿತು. ಕೈ ಸುಡುವ ನೀರಿನಲ್ಲಿ ಹದಿನಾಲ್ಕು ನಿಮಿಷ. ಒಳ್ಳೆಯ ಬ್ಯಾಚಿನದು ಅದರಲ್ಲಿ ಎರಡೇ ನಿಮಿಷಕ್ಕೆ ಬಾಯಿಬಿಟ್ಟಿತು. ಕಿತ್ತಳೆ ರಸದಲ್ಲಿ ಮುಕ್ಕಾಲು ಗಂಟೆ. ತಣ್ಣನೆಯ ಹಾಲಿಗೆ ಜಗ್ಗಲೇ ಇಲ್ಲ. ಬಿಸಿ ಚಹಾದಲ್ಲಿ ಹದಿನೆಂಟು, ಆದರೆ ಆರಿದ ಚಹಾದಲ್ಲಿ ಪೊರೆ ಇನ್ನೂ ಗಟ್ಟಿಯಾಗಿ, ಚಮಚದಿಂದ ಒತ್ತಿದರೆ ರಬ್ಬರಿನ ಹಾಗೆ ಜಾರಿತು. ಚಹಾದ ಒಗರು ಚರ್ಮವನ್ನು ಹದಮಾಡುವ ಹಾಗೆ ಇದನ್ನೂ ಹದಮಾಡಿತೆಂದು ಕಾಣುತ್ತದೆ.

ಅಕ್ಕ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಿದ್ದಳು.

“ಊಟಕ್ಕೇನು ಇವತ್ತು? ಲೋಟದ ಪಲ್ಯನಾ?”

“ಸುಮ್ನಿರೇ, ಎಣಿಸ್ತಿದ್ದೀನಿ.”

“ಸೂಪಲ್ಲೂ ಹಾಕಿ ನೋಡು. ನಾನು ಈಗ ಕುಡಿಯೋದು ಅದನ್ನೇ ತಾನೇ.”

ಒಳ್ಳೆಯ ಸಲಹೆ. ಹಾಕಿದೆ. ಹದಿನಾರು ನಿಮಿಷ.

ಮಾರ್ಚ್ 16, ಭಾನುವಾರ

ಇನ್ನು ಮುಂದೆ ಮಾತ್ರೆಗೆ ಮೊದಲು ಅರ್ಧ ಲೋಟ ಬಿಸಿನೀರು, ಮಾತ್ರೆಯ ಮೇಲೆ ಒಂದು ಲೋಟ, ಆಮೇಲೆ ಹತ್ತು ನಿಮಿಷ ನೇರ ಕೂರಬೇಕು. ಹಾಲು ಬೇಡ, ಆರಿದ ಚಹಾ ಬೇಡವೇ ಬೇಡ. ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಒಳ್ಳೆಯ ಬ್ಯಾಚಿನ ಡಬ್ಬಿಯನ್ನೂ ತಂದಿಟ್ಟೆ.

ಅಕ್ಕ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗಿಟ್ಟು, ಉಳಿದದ್ದನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದಳು. ಅರ್ಧ ಹಾಗೇ ಉಳಿಯಿತು. ಆರಿದ ಚಹಾ ಬೇಡವೆಂದೆನಲ್ಲ ಎಂದು ರೇಗಿದೆ.

ಮಾರ್ಚ್ 20, ಗುರುವಾರ

ನಾಲ್ಕು ದಿನದಿಂದ ಕೆಮ್ಮಿಲ್ಲ. “ಸಲೀಸಾಗಿ ಇಳೀತು” ಎನ್ನುತ್ತಾಳೆ. ಬಿಸಿನೀರಿನ ಲೆಕ್ಕ ಸರಿ.

ಮಾರ್ಚ್ 27, ಗುರುವಾರ

ಕಿಟಕಿಯ ಹೂಕುಂಡಕ್ಕೆ ನೀರು ಹಾಕುವಾಗ ಮಣ್ಣಿನಲ್ಲಿ ಹಸಿರು ಬಣ್ಣ ಕಂಡಿತು. ಕೆದಕಿದರೆ ಕ್ಯಾಪ್ಸೂಲ್‌ಗಳು! ಕೆಲವು ಒಡೆದು ಹೋಗಿವೆ, ಕೆಲವು ಇಡಿಯಾಗಿವೆ. ಇಪ್ಪತ್ತರ ಮೇಲಿವೆ.

ಅಂಗೈಯಲ್ಲಿಟ್ಟುಕೊಂಡು ಅವಳ ಮುಂದೆ ನಿಂತೆ. ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕಳು.

“ಗಿಡಕ್ಕೂ ಮಂಡಿನೋವು ಅಂತ...”

“ತಮಾಷೆ ಸಾಕು ಅಕ್ಕ. ನುಂಗಿದೆ, ಇಳೀತು ಅಂತ ಯಾಕೆ ಹೇಳಿದೆ?”

“ನೀನು ಅಷ್ಟು ಕಷ್ಟಪಟ್ಟೆ. ಲೋಟ ಎಲ್ಲ ಸಾಲಾಗಿ ಇಟ್ಕೊಂಡು, ಚೀಟಿ ಬರ್ದು... ಇಳೀಲಿಲ್ಲ ಅಂದ್ರೆ ಮತ್ತೆ ಮುಖ ಸಣ್ಣ ಮಾಡ್ಕೋತೀಯಲ್ಲ.”

ಚೆನ್ನಾಗಿ ಬೈದೆ. ಸುಳ್ಳು ಹೇಳುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದೂ ಕೇಳಿದೆ. ಯಾರು ಯಾರನ್ನು ಕೇಳುತ್ತಿದ್ದಾರೆಂದು ನಾಲಿಗೆಗೆ ಗೊತ್ತಾದದ್ದು ಮಾತು ಆಡಿದ ಮೇಲೆ. ಕೆಟ್ಟ ಬ್ಯಾಚು ಅವಳ ಗಂಟಲನ್ನು ಕೆರೆದು ಹುಣ್ಣುಮಾಡಿರಬೇಕು, ಅದಕ್ಕೇ ಒಳ್ಳೆಯದೂ ಇಳಿಯುತ್ತಿಲ್ಲ. ಹಾಗಾದರೆ ಕಾರಣ ನಾನೇ. ಡಾಕ್ಟರ ಹತ್ತಿರ ಹೋದರೆ ಮೊದಲು ಕೇಳುವುದೇ ಯಾವ ಮಾತ್ರೆ ಎಂದು. ಸ್ವಲ್ಪ ದಿನ ನೋಡೋಣ. ಮಾತ್ರೆ ನಿಲ್ಲಿಸಿದರೆ ಹುಣ್ಣು ತಾನಾಗಿ ಮಾಗುತ್ತದೆ.

ಏಪ್ರಿಲ್ 1, ಮಂಗಳವಾರ

ಅಕ್ಕ ಮಧ್ಯಾಹ್ನವೆಲ್ಲ ಸೂಜಿ ದಾರ ಹಿಡಿದು ತನ್ನ ರವಿಕೆಗಳ ಹೊಲಿಗೆ ಒಳಗೆ ಹಿಡಿಯುತ್ತಿದ್ದಳಂತೆ. “ಬಟ್ಟೆಗೂ ವಯಸ್ಸಾಯ್ತು, ಜೋತು ಬೀಳುತ್ತೆ” ಎಂದಳು. ತೂಕ ಇಳಿದಿದೆ. ಮಂಡಿಗೆ ಒಳ್ಳೆಯದೇ ಆಯಿತು ಎಂದೆ.

ಏಪ್ರಿಲ್ 6, ಭಾನುವಾರ

ಮಾತ್ರೆ ನಿಲ್ಲಿಸಿ ಹತ್ತು ದಿನ. ಇವತ್ತು ಸೂಪು ಕೂಡ ವಾಪಸು ಬಂತು. ಒಂದೇ ಗುಟುಕು. ಬಟ್ಟಲು ಕೆಳಗಿಟ್ಟು ಅಕ್ಕ ನನ್ನನ್ನೇ ನೋಡಿದಳು. ತಮಾಷೆ ಮಾಡಲಿಲ್ಲ.

ಬಟ್ಟಲು ತೊಳೆಯುತ್ತ ನಿಂತಾಗ ಹೊಳೆಯಿತು. ಮಾತ್ರೆಯಿಲ್ಲದೆಯೂ ನಿಲ್ಲುತ್ತಿದೆ. ಆರು ಲೋಟಕ್ಕೆ ಹೋಲಿಕೆ ಇಟ್ಟವಳು ಅಕ್ಕನಿಗೆ ಇಡಲಿಲ್ಲ. ‘ಮಾತ್ರೆ ಬಿಟ್ಟು ಬೇರೇನು ನಿಲ್ಲುತ್ತದೆ?’ ಎಂಬ ಒಂದೇ ಒಂದು ಪ್ರಶ್ನೆ ಸಾಕಿತ್ತು. ಕೇಳಲಿಲ್ಲ.

ನಾಳೆ ಡಾಕ್ಟರು.

ಏಪ್ರಿಲ್ 8, ಮಂಗಳವಾರ

ನಿನ್ನೆ ನೋಡಿದ ಡಾಕ್ಟರು ಇವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗಂಟಲ ಡಾಕ್ಟರು ನಮ್ಮಿಬ್ಬರಿಗಿಂತ ಬಹಳ ಚಿಕ್ಕವಳು, ಕೂದಲನ್ನು ಪೆನ್ನಿನಿಂದ ಸಿಕ್ಕಿಸಿ ಕಟ್ಟಿದ್ದಳು. ನನ್ನ ಕಡೆ ನೋಡಲೇ ಇಲ್ಲ. ಕುರ್ಚಿಯನ್ನು ಅಕ್ಕನ ಮಂಡಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

“ಯಾವಾಗಿಂದ ಹೀಗಾಗ್ತಿದೆ ಅಮ್ಮ?”

“ಜನವರಿ ಮೊದಲಿಂದ.”

ನಾನು ಅಕ್ಕನತ್ತ ತಿರುಗಿದೆ. ಅವಳು ತಿರುಗಲಿಲ್ಲ.

“ಮೊದಲು ಏನು ನಿಲ್ತಿತ್ತು?”

“ಬ್ರೆಡ್ಡು. ಆಮೇಲೆ ಮಾಂಸ, ಸೇಬು. ಆಮೇಲೆ ಅನ್ನ. ಮಾತ್ರೆ ಎಲ್ಲಾದಕ್ಕಿಂತ ಕೊನೇಲಿ.”

ಅಷ್ಟು ಅಚ್ಚುಕಟ್ಟಾಗಿ ಹೇಳಿದಳು. ಯಾರಾದರೂ ಕೇಳಲಿ ಎಂದು ಕ್ರಮವಾಗಿ ಜೋಡಿಸಿಟ್ಟುಕೊಂಡಿದ್ದವಳ ಹಾಗೆ. ಕೊಳವೆ ಇಳಿಸಿ ಒಳಗೆ ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಬಸ್ಸಿನಲ್ಲಿ ಕೇಳಿದೆ, “ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ” ಎಂದಳು. ಕಿಟಕಿಯ ಹೊರಗೆ ನೋಡುತ್ತ ಇನ್ನೊಂದು ಸಲ, “ಹೇಳಿದ್ದೆ ಕಣೆ.”

ಏಪ್ರಿಲ್ 10, ಗುರುವಾರ

ಹೌದು, ಹೇಳಿದ್ದಳು. ಜನವರಿಯ ಒಂದು ಬೆಳಿಗ್ಗೆ. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿದ್ದೆ, ಬಸ್ಸಿಗೆ ಹೊತ್ತಾಗಿತ್ತು. “ಪುಟ್ಟಿ, ಬ್ರೆಡ್ಡು ಯಾಕೋ ಎದೇಲೇ ನಿಲ್ಲುತ್ತೆ” ಎಂದಿದ್ದಳು. “ಅಗಿದು ತಿನ್ನೇ, ಗಬಗಬ ನುಂಗ್ಬೇಡ” ಎಂದು ಮೆಟ್ಟಿಲಿಳಿದೆ. ಇನ್ನೂ ಒಂದು ಸಲ ಹೇಳಿರಬೇಕು, ಎಲ್ಲಿ ಯಾವಾಗ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

ಗಬಗಬ ತಿನ್ನುವವಳು ನಾನು. ಅಕ್ಕ ಯಾವತ್ತೂ ಹಾಗೆ ತಿಂದವಳಲ್ಲ.

ಏಪ್ರಿಲ್ 15, ಮಂಗಳವಾರ

ಅನ್ನನಾಳದಲ್ಲಿ ಗಡ್ಡೆ. ಕೆಟ್ಟ ಗಡ್ಡೆ.

ಅಕ್ಕನನ್ನು ತೂಕ ನೋಡಲು ಕರೆದುಕೊಂಡು ಹೋದಾಗ ಡಾಕ್ಟರನ್ನು ಕೇಳಿದೆ. ಬ್ಯಾಚಿನ ವಿಷಯ ಹೇಳಿದೆ, ನಲವತ್ತೊಂದು ನಿಮಿಷವನ್ನೂ ಹೇಳಿದೆ. ಅದರಿಂದ ಆಗಿರಬಹುದೇ?

“ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ. ಇದು ಬೆಳೆಯೋಕೆ ಶುರುವಾಗಿ ತಿಂಗಳುಗಳೇ ಆಗಿವೆ.”

ಒಂದು ಗಳಿಗೆ ನೆಮ್ಮದಿಯಾಯಿತು. ಭುಜ ಹಗುರಾಯಿತು. ಅಕ್ಕನಿಗೆ ಇಂಥದ್ದು ಬಂದಿದೆಯೆಂದು ತಿಳಿದ ಐದು ನಿಮಿಷಕ್ಕೆ ನನಗೆ ನೆಮ್ಮದಿಯಾಯಿತು. ಇದನ್ನು ಬರೆಯದೆ ಬಿಟ್ಟರೆ ಈ ನೋಟ್‌ಬುಕ್ಕೂ ಆ ಇನ್ನೊಂದು ಪುಸ್ತಕದ ಹಾಗೇ ಆಗುತ್ತದೆ.

ಆಮೇಲೆ ಡಾಕ್ಟರು ಉಳಿದದ್ದನ್ನು ಹೇಳಿದಳು. ಎರಡು ತಿಂಗಳು ಮುಂಚೆ ಬಂದಿದ್ದರೆ ಕತ್ತರಿಸಿ ತೆಗೆಯುವ ಮಾತಾಡಬಹುದಿತ್ತು. ಈಗ ಸುತ್ತಲೂ ಹಬ್ಬಿದೆ. ಮೊದಲು ಕಿರಣ ಚಿಕಿತ್ಸೆ ಕೊಟ್ಟು ನೋಡುವುದು. ಆಹಾರಕ್ಕೆ ಹೊಟ್ಟೆಗೇ ನೇರ ಒಂದು ಕೊಳವೆ.

ಎರಡು ತಿಂಗಳಲ್ಲಿ ಒಂದು ನಾನು ಕಾರ್ಖಾನೆಗೆ ಓಡುತ್ತ ಕಳೆದದ್ದು. ಇನ್ನೊಂದು ಲೋಟಗಳ ಮುಂದೆ ಕೂತು ಕಳೆದದ್ದು.

ಏಪ್ರಿಲ್ 21, ಸೋಮವಾರ

ಕಾರ್ಖಾನೆಯ ಯಜಮಾನಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಪುಸ್ತಕ ತೆಗೆದು ಇಪ್ಪತ್ತೇಳನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ನಲವತ್ತೊಂದು ಎಂದು ಬರೆದು ಇವತ್ತಿನ ತಾರೀಖು ಹಾಕಿ ಸಹಿ ಮಾಡಿದೆ. ಅವರು ಆ ಪುಟ ಓದಿ, ಬ್ಯಾಚನ್ನು ಅಂಗಡಿಗಳಿಂದ ವಾಪಸು ತರಿಸಲು ಹೇಳಿದರು. ನನಗೆ ನಾಳೆಯಿಂದ ಬರುವುದು ಬೇಡವೆಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆಗ್ಲಿಬಿಡಿಯವರು ಗೇಟಿನವರೆಗೆ ಹಿಂದೆಯೇ ಬಂದರು.

“ಅಲ್ಲ ಮೇಡಂ, ಯಾರಿಗೂ ಏನೂ ಆಗಿಲ್ಲ. ನಿಮ್ಮಕ್ಕನ ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರೇ ಹೇಳಿದ್ದಾರಂತೆ. ಮತ್ತೆ ಯಾಕೆ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ?”

“ಸಂಬಂಧ ಇಲ್ಲ ನಿಜ ಸಾರ್. ನಾನು ಅವತ್ತು ನಲವತ್ತೊಂದು ಅಂತ ಬರ್ದಿದ್ರೆ ಆ ಡಬ್ಬಿ ಮನೆಗೇ ಬರ್ತಿರ್ಲಿಲ್ಲ. ಆಗ ಅಕ್ಕ ಕೆಮ್ಮಿದಾಗ ಅಕ್ಕನ್ನೇ ನೋಡಿರ್ತಿದ್ದೆ. ನಾನು ಡಬ್ಬಿ ನೋಡಿದೆ.”

ಅವರಿಗೆ ಅರ್ಥವಾಯಿತೋ ಇಲ್ಲವೋ. ಬಾಯಿ ತೆರೆದರು, ಅವರ ಮಾಮೂಲಿ ಮಾತು ನಾಲಿಗೆಯ ತುದಿಗೆ ಬಂದದ್ದು ಕಂಡಿತು. ನುಂಗಿಕೊಂಡು ಒಳಗೆ ಹೋದರು.

ಮೇ 6, ಮಂಗಳವಾರ

ಹೊಟ್ಟೆಯ ಕೊಳವೆಗೆ ದ್ರವಾಹಾರ ಹಾಕುವುದನ್ನು ನರ್ಸಮ್ಮ ಕಲಿಸಿದರು. ನಿಧಾನಕ್ಕೆ ಹಾಕಬೇಕು. ಬೇಗ ಹಾಕಿದರೆ ಅಕ್ಕನಿಗೆ ಹೊಟ್ಟೆ ಎಳೆದಂತಾಗುತ್ತದೆ. ಅವಳು ಹೇಳುವುದಿಲ್ಲ, ಎಡಗಾಲಿನ ಹೆಬ್ಬೆರಳು ಮಡಚುತ್ತಾಳೆ. ಹೆಬ್ಬೆರಳು ನೋಡಿಕೊಂಡು ಹಾಕುತ್ತೇನೆ.

ಚಿಕಿತ್ಸೆಗೆ ಹೋಗುವ ದಾರಿಯಲ್ಲಿ ಮರದ ನೆರಳಿರುವ ಕಡೆಯ ಸೀಟು ಅವಳಿಗೆ ಇಷ್ಟ. ಬರುವಾಗ ಮಾತು ಬೇಡ. ಸಂಜೆ ನಾಲ್ಕರ ಮೇಲೆ ಧ್ವನಿ ಸ್ವಲ್ಪ ತಿಳಿಯಾಗುತ್ತದೆ, ಆಗ ಏನಾದರೂ ಹೇಳುತ್ತಾಳೆ.

ಮೇ 19, ಸೋಮವಾರ

ಇವತ್ತು ಅಕ್ಕ ಸಿಟ್ಟಾದಳು. ಇಷ್ಟು ದಿನಕ್ಕೆ ಮೊದಲ ಸಲ. ನಾನು ದಿಂಬಿನ ಚೀಲ ಬದಲಿಸುತ್ತ, “ಎಲ್ಲ ನನ್ನಿಂದಲೇ ಆಯ್ತು ಅಕ್ಕ, ಕ್ಷಮಿಸಿಬಿಡು” ಎಂದಿದ್ದೆ. ದಿನಕ್ಕೆ ಎರಡು ಸಲವಾದರೂ ಹಾಗೆ ಅನ್ನುತ್ತೇನಂತೆ.

“ಸಾಕು ಮಾಡು. ನಾನು ಸಾಯೋದರಲ್ಲೂ ನಿನ್ನದೇ ಕಥೆನಾ? ಅವತ್ತು ನಿನ್ನ ಮಾತ್ರೆ, ನಿನ್ನ ಲೋಟ. ಇವತ್ತು ನಿನ್ನ ತಪ್ಪು. ನಾನೆಲ್ಲಿದ್ದೀನಿ ಇದರಲ್ಲಿ?”

ದೂರವಾಣಿ ಕೇಂದ್ರದಲ್ಲಿ ಮೂವತ್ತು ವರ್ಷ ಜನರ ಬೈಗುಳ ಕೇಳಿಯೂ ಏರದ ಧ್ವನಿ. ಏರಿದರೂ ಈಗ ಅದು ಪಿಸುಮಾತಿನಷ್ಟೇ. ಕೇಳಬೇಕೆಂದರೆ ಬಗ್ಗಬೇಕಾಯಿತು.

“ಕ್ಷಮಿಸಿದ್ದೀನಿ ಅಂದ್ರೆ ನಿನಗೆ ನಿದ್ದೆ ಬರುತ್ತೆ ಅಲ್ವಾ? ನನಗೆ ಇನ್ನೂ ಸಿಟ್ಟಿದೆ ಪುಟ್ಟಿ. ಎರಡು ಸಲ ಹೇಳಿದ್ದೆ. ಸಿಟ್ಟು ಹೋದಾಗ ನಾನೇ ಹೇಳ್ತೀನಿ. ಅಲ್ಲೀವರೆಗೂ ಕೇಳ್ಬೇಡ.”

ಸರಿ ಎಂದೆ. ದಿಂಬು ಅವಳ ತಲೆಯಡಿ ಇಟ್ಟೆ. ಹೇಗಿದೆ ಎಂದು ಕೇಳಿದೆ. ಎತ್ತರವಾಯಿತು ಎಂದಳು. ತೆಗೆದು ತೆಳುವಾದದ್ದನ್ನು ಇಟ್ಟೆ.

ಜೂನ್ 10, ಮಂಗಳವಾರ

ಕಿರಣ ಚಿಕಿತ್ಸೆ ಮುಗಿದು ಚಿತ್ರ ತೆಗೆದರು. ಗಡ್ಡೆ ಕುಗ್ಗಿಲ್ಲ. ಡಾಕ್ಟರು ಅಕ್ಕನ ಕೈ ಹಿಡಿದು ಅವಳಿಗೇ ನೇರವಾಗಿ ಹೇಳಿದಳು. ಕೆಲವು ತಿಂಗಳು.

“ಎಷ್ಟು?” ಎಂದು ಅಕ್ಕ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬರುವಾಗ ಮೆಟ್ಟಿಲ ಮೇಲೆ ಮೂರು ಕಡೆ ಕೂತಳು. ಜೊತೆಗೆ ಕೂತೆ. ಎರಡನೇ ಮಹಡಿಯಲ್ಲಿ ಯಾರದೋ ರೇಡಿಯೋ ಹಾಡುತ್ತಿತ್ತು. ಹಾಡು ಮುಗಿಯುವವರೆಗೂ ಅಲ್ಲೇ ಇದ್ದೆವು.

ಜೂನ್ 22, ಭಾನುವಾರ

ಅಕ್ಕನ ಮೂಗಿಗೆ ವಾಸನೆ ತಾಗದಿರಲೆಂದು ಎರಡು ತಿಂಗಳಿಂದ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ನಿಂತೇ, ಸಿಕ್ಕಿದ್ದನ್ನು ತಿಂದು ಮುಗಿಸುತ್ತಿದ್ದೆ. ಇವತ್ತು ಮಧ್ಯಾಹ್ನ ಒಳಗಿನಿಂದ ಗೋಡೆ ಬಡಿದಳು. ಓಡಿದೆ.

“ಯಾಕೆ ಕಳ್ಳರ ಹಾಗೆ ತಿಂತೀಯ? ತಟ್ಟೆ ಇಲ್ಲಿಗೆ ತಾ.”

“ನಿನಗೆ...”

“ಏನಾಗಲ್ಲ. ತಾ ಅಂದೆನಲ್ಲ.”

ತಂದೆ. ಮೊಟ್ಟೆ, ಆಲೂಗಡ್ಡೆ ಹುರಿದದ್ದು, ಅನ್ನ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವಳು ಒರಗಿಕೊಂಡು, ತಿನ್ನು ಎಂದು ಗಲ್ಲ ಎತ್ತಿದಳು. ಒಂದು ತುತ್ತು ಅವಸರಕ್ಕೆ ನುಂಗಿದೆ.

“ಹೇಗಿದೆ?”

“ಚೆನ್ನಾಗಿದೆ.”

“ಸರಿಯಾಗಿ ಹೇಳೇ. ನಾನು ತಿಂತಿಲ್ವಲ್ಲ, ನೀನು ಹೇಳಿದಷ್ಟೇ ನನಗೆ ಸಿಗೋದು.”

ಇನ್ನೊಂದು ತುತ್ತು ತಿಂದೆ. ಈ ಸಲ ನಿಧಾನಕ್ಕೆ, ಅಗಿದು.

“ಆಲೂಗಡ್ಡೆ ಸೀದಿದೆ. ಒಂದು ಕಡೆ ಕಪ್ಪಾಗಿದೆ. ಆದ್ರೆ ಆ ಸೀದ ಜಾಗಾನೇ ಕರುಂ ಅಂತಿದೆ. ಒಳಗೆ ಮಾತ್ರ ಬೆಂದಿಲ್ಲ.”

ಅಕ್ಕ ಕಣ್ಣು ಮುಚ್ಚಿದಳು. “ಉಪ್ಪು?”

“ಮೊಟ್ಟೆಗೆ ಹಾಕೋದೇ ಮರೆತಿದ್ದೀನಿ. ಆಲೂಗಡ್ಡೆಗೆ ಎರಡು ಸಲ ಬಿದ್ದಿದೆ.”

“ಅಯ್ಯೋ ದರಿದ್ರದವಳೇ” ಎಂದು ನಕ್ಕಳು. ನಕ್ಕದ್ದಕ್ಕೆ ನೋವಾಗಿ ಎದೆ ಹಿಡಿದುಕೊಂಡಳು, ಹಿಡಿದುಕೊಂಡೇ ಇನ್ನೂ ನಕ್ಕಳು. “ಎರಡನ್ನೂ ಕಲಸ್ಕೊಂಡು ತಿನ್ನು. ಈಗ ಹೇಗಿದೆ ಹೇಳು.”

ಕಲಸಿ ತಿಂದೆ. ಹೇಳಿದೆ. ತಟ್ಟೆ ಖಾಲಿಯಾಗುವವರೆಗೆ ಒಂದೊಂದು ತುತ್ತನ್ನೂ ಹೇಳಿಸಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾಳೆಗೆ ಮೀನು ಹುರಿಯಬೇಕಂತೆ.